ಗುಳುಕ್!

ಲೀಡ್ಸ್‌ನ ನಮ್ಮ ಬಾಡಿಗೆ ಮನೆಯಲ್ಲಿ ಮೆಟ್ಟಿಲ ಕೆಳಗೊಂದು ಗೂಡಿದೆ. ಪೊರಕೆ, ಇಸ್ತ್ರಿ ಮೇಜು, ಊರಿಂದ ತಂದ ಹಪ್ಪಳದ ಡಬ್ಬಿಗಳ ನಡುವೆ ಹೋದ ನವೆಂಬರ್‌ನಲ್ಲಿ ಇನ್ನೊಬ್ಬ ಒಕ್ಕಲು ಬಂದ: 23 ಲೀಟರಿನ ಬಿಯರ್ ಬಕೆಟ್. ಪೊಲೀಸರ ಭಯವೇನಿಲ್ಲ. ಈ ದೇಶದಲ್ಲಿ ಮನೆಯಲ್ಲಿ ಬಿಯರ್ ಮಾಡಲು 1880ರಿಂದ ಲೈಸೆನ್ಸ್ ಬೇಕಿತ್ತು. 1963ರ ಬಜೆಟ್ಟಿನಲ್ಲಿ ರೆಜಿನಾಲ್ಡ್ ಮಾಡ್ಲಿಂಗ್ ಎಂಬ ಪುಣ್ಯಾತ್ಮ ಅದನ್ನು ಕಿತ್ತುಹಾಕಿದ. ನನಗಿದ್ದದ್ದು ಯೀಸ್ಟಿನ ಭಯ.

ಬಕೆಟ್ಟಿನ ಮುಚ್ಚಳಕ್ಕೆ ಏರ್‌ಲಾಕ್ ಎಂಬ ಪ್ಲಾಸ್ಟಿಕ್ ಸೊಂಡಿಲು. ಅದರಲ್ಲಿ ಒಂದಿಷ್ಟು ನೀರು. ಒಳಗಿನ ಗ್ಯಾಸ್ ಹೊರಗೆ ಬರಬೇಕು, ಹೊರಗಿನ ಗಾಳಿ ಒಳಗೆ ಹೋಗಬಾರದು. ಮೊದಲ ದಿನ ಉಸಿರಿಲ್ಲ. ರಾತ್ರಿ ಎರಡು ಸಲ ಎದ್ದು ಟಾರ್ಚ್ ಬಿಟ್ಟೆ. ಎರಡನೇ ದಿನ ಬೆಳಗ್ಗೆ ಹಲ್ಲುಜ್ಜುವಾಗ ಕೇಳಿಸಿತು: ಗುಳುಕ್! ಹೆಂಡತಿ ಮಗಳು ಹುಟ್ಟಿದಾಗಲೂ ನಾನು ಇಷ್ಟು ಹಲ್ಲು ಬಿಟ್ಟಿರಲಿಲ್ಲ ಎಂದಳು. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ ಇಪ್ಪತ್ತು. ನಾಲ್ಕನೇ ದಿನ ಆರು. ಆರನೇ ದಿನ ಪೂರ್ತಿ ಸ್ತಬ್ಧ. ಮುಗಿಯಿತೋ, ಸತ್ತೇಹೋಯಿತೋ?

ದೋಸೆ ಹಿಟ್ಟಿಗೆ ಈ ಪೀಕಲಾಟ ಇಲ್ಲ. ನಮ್ಮಮ್ಮ ಪಾತ್ರೆಯ ಮುಚ್ಚಳ ಅರ್ಧ ಸರಿಸಿ, ಮೂಗಾಡಿಸಿ, "ಇನ್ನೆರಡು ತಾಸು" ಅನ್ನುತ್ತಿದ್ದಳು, ಅಷ್ಟೇ. ಲೆಕ್ಕ ತಪ್ಪಿ ಹುಳಿ ಹೆಚ್ಚಾದರೆ ಈರುಳ್ಳಿ ಹೆಚ್ಚಿ ಪಡ್ಡು ಹಾಕಿದರಾಯಿತು. ಬಿಯರಿಗೆ ಪಡ್ಡಿಲ್ಲ. ಸಕ್ಕರೆ ಇನ್ನೂ ಉಳಿದಿರುವಾಗಲೇ ಬಾಟಲಿಗೆ ತುಂಬಿ ಬಿರಡೆ ಜಡಿದರೆ ಯೀಸ್ಟು ಒಳಗೇ ಕೆಲಸ ಮುಂದುವರಿಸಿ ಬಾಟಲಿಯನ್ನೇ ಸಿಡಿಸುತ್ತದೆ.

ಎಂಟನೇ ದಿನ ಸಂಜೆ ಸತ್ತ ಬಕೆಟ್ ಮತ್ತೆ ಗುಳುಕ್ ಅಂದಿತು. ಕುಣಿದೆ. ಆಮೇಲೆ ಹೊಳೆಯಿತು, ಅಂದು ಚಳಿಗೆ ಹೀಟರ್ ಜೋರು ಮಾಡಿದ್ದೆವು. ಬೆಚ್ಚಗಾದ ಬಿಯರಿನಲ್ಲಿ ಕರಗಿದ್ದ ಗ್ಯಾಸು ಸುಮ್ಮನೆ ಮೇಲೆದ್ದು ಬಂದಿದೆ. ಮುಚ್ಚಳ ಸಡಿಲವಿದ್ದರೆ ಇದರ ತದ್ವಿರುದ್ಧ: ಒಳಗೆ ಯೀಸ್ಟಿನ ಜಾತ್ರೆ, ಗ್ಯಾಸು ಪಕ್ಕದಿಂದ ಪರಾರಿ, ಸೊಂಡಿಲು ಮೌನ. ಹಲ್ಲಿ ಲೊಚಗುಟ್ಟುವುದನ್ನು ನಂಬಿದಷ್ಟೇ ಇದನ್ನು ನಂಬಬಹುದು. ನೊರೆಯ ಟೋಪಿ ಕುಸಿದು ಬಕೆಟ್ಟಿನ ಗೋಡೆಗೆ ಕಂದು ಗೆರೆ ಬಿದ್ದಿದ್ದರೆ ಜೋರು ಇಳಿದಿದೆ ಎಂದರ್ಥ. ಮುಗಿದಿದೆ ಎಂದಲ್ಲ.

ಕೊನೆಗೆ ಶರಣಾದದ್ದು ಹೈಡ್ರೋಮೀಟರಿಗೆ. ನಮ್ಮಿಂದ ದೂರವೇನಲ್ಲದ ಹಲ್ ಊರಿನ ಜಾನ್ ರಿಚರ್ಡ್‌ಸನ್ 1784ರಲ್ಲೇ ಇದರ ಮೇಲೆ ಪುಸ್ತಕ ಬರೆದು ಬಿಯರ್ ಮಾಡುವವರ ಕಣ್ಣು ತೆರೆಸಿದ್ದ. ಗಾಜಿನ ಬುರುಡೆಗೆ ಉದ್ದ ಕತ್ತು. ಸಕ್ಕರೆ ಹೆಚ್ಚಿದ್ದರೆ ಕತ್ತೆತ್ತಿ ತೇಲುತ್ತದೆ. ಸಕ್ಕರೆ ಆಲ್ಕೋಹಾಲ್ ಆದಷ್ಟೂ ಮುಳುಗುತ್ತದೆ. ಬುರುಡೆಗೆ ಗುಳ್ಳೆ ಅಂಟಿಕೊಂಡರೆ ಸುಳ್ಳು ಹೇಳೀತು, ಅದಕ್ಕೇ ಬುಗುರಿಯಂತೆ ಒಮ್ಮೆ ತಿರುಗಿಸಿ ಬಿಡಬೇಕು. ನೀರಿಗೆ 1.000. ಯೀಸ್ಟ್ ಹಾಕುವ ಮುಂಚೆ ನನ್ನದು 1.050, ಇಲ್ಲಿನವರು ಚುಕ್ಕೆ ನುಂಗಿ 'ಟೆನ್ ಫಿಫ್ಟಿ' ಅನ್ನುತ್ತಾರೆ. ಒಂಬತ್ತನೇ ದಿನ 1.014. ಹನ್ನೊಂದಕ್ಕೆ 1.012. ಹನ್ನೆರಡಕ್ಕೂ ಅದೇ, ಹದಿಮೂರಕ್ಕೂ ಅದೇ. ಇಳಿದ 38 ಅಂಕವನ್ನು ಲೆಕ್ಕಕ್ಕೆ ಹಾಕಿದರೆ ಶೇಕಡಾ 5ರಷ್ಟು ಆಲ್ಕೋಹಾಲ್.

ಅಳೆಯಲು ತೆಗೆದದ್ದನ್ನು ಮೈಲಿಗೆಯಾದೀತೆಂದು ಬಕೆಟ್ಟಿಗೆ ವಾಪಸು ಸುರಿಯುವಂತಿಲ್ಲ, ಕುಡಿಯಬೇಕು. ಸಲಕ್ಕೆ 200 ಮಿಲಿ. ದಿನಕ್ಕೊಮ್ಮೆ ಸಾಕಾಗಿತ್ತು, ನಾನು ಕೆಲವು ದಿನ ಬೆಳಗ್ಗೆ, ಸಂಜೆ ಎರಡೂ ಹೊತ್ತು ಅಳೆದೆ. 40 ಬಾಟಲಿ ತೊಳೆದಿಟ್ಟಿದ್ದೆ, ತುಂಬಿದ್ದು 36. ಉಳಿದ ನಾಲ್ಕು ಎಲ್ಲಿ ಹೋದವೆಂದು ಹೆಂಡತಿ ಕೇಳಿದಾಗ, "ವಿಜ್ಞಾನಕ್ಕೆ" ಎಂದೆ.