ನೆಲದೊಳಗಿನ ಕಾಯಿ, ನೂರಾರು ಬಾಯಿ

ವಾಷಿಂಗ್ಟನ್ ಕಡೆಯಿಂದ ಅಟ್ಲಾಂಟಾಕ್ಕೆ ಕಾರಿನಲ್ಲಿ ಹೊರಟರೆ, ಕೆರೊಲಿನಾ ದಾಟುವಷ್ಟರಲ್ಲಿ ‘ಬಾಯ್ಲ್ಡ್ ಪೀನಟ್ಸ್’ ಎಂಬ ಕೈಬರಹದ ಬೋರ್ಡು ರಸ್ತೆಬದಿಯಲ್ಲಿ ಕಾಣಲೇಬೇಕು, ನಾನು ಗಾಡಿ ನಿಲ್ಲಿಸಲೇಬೇಕು. ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಕುದ್ದ ಹಸಿ ಶೇಂಗಾ. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಬಾಯಿಬಿಡುತ್ತದೆ. ಒಳಗಿನ ಬಿಸಿನೀರನ್ನು ಮೊದಲು ಹೀರಿ, ಆಮೇಲೆ ಮೆತ್ತಗಾದ ಕಾಳು ತಿನ್ನಬೇಕು.

ತಿನ್ನುವಷ್ಟೇ ಸುಖ ನನಗೆ ಇದರ ಹೆಸರುಗಳನ್ನು ಕೂಡಿಹಾಕುವುದರಲ್ಲಿ. ಧಾರವಾಡದ ನನಗೆ ಇದು ಶೇಂಗಾ, ಬೆಂಗಳೂರಿನ ನನ್ನಾಕೆಗೆ ಕಡ್ಲೆಕಾಯಿ, ಮಂಗಳೂರಿನ ಗೆಳೆಯರಿಗೆ ನೆಲಗಡಲೆ. ಮರಾಠಿಯಲ್ಲಿ ಶೇಂಗ ಅಂದರೆ ಬರೀ ಕಾಯಿ, ನುಗ್ಗೆಯದೂ ಶೇಂಗವೇ.

ಇಲ್ಲಿ ಅಮೆರಿಕದ ದಕ್ಷಿಣದವರು ಪ್ರೀತಿಯಿಂದ ‘ಗೂಬರ್’ ಎನ್ನುತ್ತಾರೆ. ಅದು ಗುಲಾಮರಾಗಿ ಬಂದ ಕಾಂಗೋ ಕಡೆಯ ಜನರ ‘ನ್ಗುಬ’. ಅವರದೇ ‘ಎಂಪಿಂಡ’ ಇಲ್ಲಿ ಪಿಂಡರ್ ಆಯಿತು, ಡಚ್ಚರಲ್ಲಿ ‘ಪಿಂಡಾ’ ಆಯಿತು. ಪೀನಟ್ ಬಟರ್‌ಗೆ ಡಚ್ಚರು ‘ಪಿಂಡಕಾಸ್’ ಎನ್ನುತ್ತಾರೆ, ಅಂದರೆ ಶೇಂಗಾ ಚೀಸ್. ಊರು, ಹೆಸರು, ಮಕ್ಕಳನ್ನೂ ಕಳೆದುಕೊಂಡವರ ಮಾತು ಅವರನ್ನು ಕೊಂಡವರ ನಾಲಿಗೆಯಲ್ಲೇ ಉಳಿದದ್ದನ್ನು ನೆನೆದಾಗ ಕೈಯಲ್ಲಿನ ಕಾಯಿ ಭಾರವಾಗುತ್ತದೆ.

ಯುರೋಪಿನವರು ಉಳಿದ ಹೆಸರುಗಳನ್ನೂ ಹೀಗೇ ಹೊತ್ತು ತಂದರು. ಸ್ಪ್ಯಾನಿಷರ ‘ಕಕವೇತೆ’ ಮೆಕ್ಸಿಕೋದ ನಾವಾತ್ಲ್ ನುಡಿಯದು. ಮೂಲದಲ್ಲಿ ‘ನೆಲದ ಕೋಕೋ’. ಫ್ರೆಂಚರು ಅದನ್ನೇ ‘ಕಕಾವೆಟ್’ ಮಾಡಿಕೊಂಡರು. ಪೋರ್ಚುಗೀಸರು ಬ್ರೆಜಿಲ್‌ನ ತುಪಿ ಜನರ ಮಾತನ್ನು ತಮ್ಮ ಬಾದಾಮಿಯ ಹೆಸರಿನತ್ತ ಎಳೆದು ‘ಅಮೆಂದೊಯಿಂ’ ಎಂದರು. ಜರ್ಮನರದು ಸರಳ: ‘ಎರ್ಡ್‌ನುಸ್’, ನೆಲದ ಬೀಜ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ: ಮೆಕ್ಸಿಕೋ, ಜರ್ಮನಿ, ಮಂಗಳೂರು, ಒಬ್ಬರನ್ನೊಬ್ಬರು ಕೇಳದೆ ಮೂವರೂ ‘ನೆಲ’ ಎಂದೇ ಹೆಸರಿಟ್ಟರು. ಹೂವು ಬಿಡುವುದು ಮೇಲೆ; ಅದು ಉದುರಿದ ಮೇಲೆ ಊಡು ಎಂಬ ಎಳೆ ಬಗ್ಗಿ ಮಣ್ಣಿಗಿಳಿದು ಅಲ್ಲಿ ಕಾಯಾಗುತ್ತದೆ. ಗಿಡ ಕಿತ್ತು ನೋಡಿದವರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ನಮ್ಮವರು ಮನೆಯಲ್ಲಿದ್ದ ಕಡಲೆಯ ಹೆಸರನ್ನೇ ದಕ್ಷಿಣ ಅಮೆರಿಕದ ಈ ಹೊಸಬನಿಗೂ ಹಂಚಿದರು.

ಬೇಯಿಸಿದ ಶೇಂಗಾ ತಮ್ಮ ರಾಜ್ಯದ ತಿನಿಸೆಂದು ದಕ್ಷಿಣ ಕೆರೊಲಿನಾದವರು 2006ರಲ್ಲಿ ಕಾನೂನನ್ನೇ ಮಾಡಿದರು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡ್ಲೆಕಾಯಿ ಪರಿಷೆ ತಪ್ಪಿತೆಂದು ಕೊರಗುವ ಇಲ್ಲಿನ ಕನ್ನಡಿಗರು ಬೇಸಿಗೆಯ ಕೊನೆಗೆ ಈ ದಾರಿ ಹಿಡಿಯಿರಿ. ಹಸಿಕಾಯಿಯದೇ ಬೇಕೆಂದು ಕೇಳಿ ಕೊಳ್ಳಿ. ಒಣಗಿದ್ದನ್ನು ಬೇಯಿಸಿದರೆ ಆ ರುಚಿ ಬರುವುದಿಲ್ಲ.