ಗಡಿಯಾಚೆಯ ಜಾಮೀನು

ದೀಪಾವಳಿಯ ಅಮಾವಾಸ್ಯೆಗೆ ಹುಲಜಂತಿಯ ಮಹಾಲಿಂಗರಾಯನ ಜಾತ್ರೆ. ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆಯ ಪಲ್ಲಕ್ಕಿಗಳು ಬಂದು ಅಲ್ಲಿ ಭೇಟಿಯಾಗುತ್ತವೆ. ಮಂಗಳವೇಢೆ ತಾಲೂಕಿನ ಈ ಊರಿನ ಜನರಿಗೆ ರಾಜ್ಯದ ಗಡಿಯೆಂಬುದು ಹೊಲದ ಬದುವಿಗಿಂತ ಹೆಚ್ಚಿನದಲ್ಲ. ತವರು ಆಚೆ, ಗಂಡನ ಮನೆ ಈಚೆ.

ಆ ಗಡಿಯ ಎತ್ತರ ಅಲ್ಲಿನ ತಾಯಿಯೊಬ್ಬಳಿಗೆ ತಿಳಿದದ್ದು ಮಗ ಕಳವಿನ ಆರೋಪದಲ್ಲಿ ಸೆರೆಮನೆ ಸೇರಿದಾಗ. ನ್ಯಾಯಾಲಯ ಜಾಮೀನು ಕೊಟ್ಟಿತು. ಒಬ್ಬ ಜಾಮೀನುದಾರ ಬೇಕೆಂದಿತು. ಆಕೆಗೆ ಹೊಲವಿಲ್ಲ. ಇಂಡಿ ತಾಲೂಕಿನ ಅಣ್ಣ ತನ್ನ ನಾಲ್ಕು ಎಕರೆಯ ಪಹಣಿ ಹಿಡಿದು ಬಂದ. ಇದೇ ಜಿಲ್ಲೆಯ ಸಾತ್‌ಬಾರಾ ಉತಾರವೇ ಬೇಕೆಂದು ಅವನನ್ನು ಹಿಂದಕ್ಕೆ ಕಳುಹಿಸಲಾಯಿತು. ಮುಲಾಖತ್ತಿನ ಜಾಲರಿಯಾಚೆ ನಿಂತ ಮಗನಿಗೆ ಆಕೆ ಹೇಳಿದ್ದಿಷ್ಟು: “ನಿಮ್ಮ ಮಾವನ ಉತಾರ ನಡೆಯಂಗಿಲ್ಲಂತಪಾ. ಇನ್ನೊಂದು ವಾರ ತಡಿ.”

ಸೆರೆಮನೆಗಳು ತುಂಬುವುದು ಹೀಗೂ ಉಂಟು. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿ 5,73,220 ಜನರಿದ್ದರು. ನೂರು ಜನರ ಸ್ಥಳದಲ್ಲಿ 131 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣೆ ಮುಗಿಯದವರು. ಸಿಬ್ಬಂದಿ ಮುಂಜಾನೆ, ಸಂಜೆ ತಲೆ ಎಣಿಸಬೇಕು. ಹೆಚ್ಚಿದ ಪ್ರತಿಯೊಂದು ತಲೆಗೂ ನೀರು, ಶೌಚ, ವೈದ್ಯ, ಮಲಗುವ ಜಾಗ ಹೊಂದಿಸಬೇಕು. ತಾರೀಖಿಗೆ ಕರೆದೊಯ್ಯಲು ಪೊಲೀಸರು ಸಾಲದಿದ್ದರೆ ವಿಚಾರಣೆ ಮುಂದಕ್ಕೆ ಹೋಗುತ್ತದೆ, ಸೆರೆವಾಸವೂ ಬೆಳೆಯುತ್ತದೆ. ಹೊಸ ಬರಾಕು ಕಟ್ಟಲು ವರ್ಷಗಳು ಬೇಕು. ಜಾಮೀನು ಸಿಕ್ಕವನನ್ನು ಬಿಡಲು ಒಂದು ಕಾಗದ ಸಾಕು.

ಈ ತೊಡಕು ಹೊಸದಲ್ಲ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗವಂಡಿಯ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಅವನಿಂದ 10,000 ರೂಪಾಯಿಯ ಜಾಮೀನು ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ತಿರಸ್ಕರಿಸಲಾಗಿತ್ತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅದನ್ನು ಒಪ್ಪದೆ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಆದೇಶಿಸಿದರು. 2023ರ ಜನವರಿ 31ರಂದು ಅದೇ ನ್ಯಾಯಾಲಯ ಇನ್ನಷ್ಟು ಸ್ಪಷ್ಟವಾದ ಕ್ರಮವನ್ನು ಗೊತ್ತುಪಡಿಸಿತು. ಜಾಮೀನು ದೊರೆತು ಏಳು ದಿನಗಳಲ್ಲಿ ಕೈದಿ ಹೊರಬರದಿದ್ದರೆ ಸೆರೆಮನೆಯ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಮುಚ್ಚಳಿಕೆ ಬಾರದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತಿನ ಸಡಿಲಿಕೆಯನ್ನು ಪರಿಶೀಲಿಸಬಹುದು. ಸ್ಥಳೀಯನೇ ಜಾಮೀನಾಗಬೇಕೆಂಬ ಒತ್ತಾಯ ಸಲ್ಲದು. ಸೆರೆಯಲ್ಲಿರುವವರಿಗೆ, ಅವರ ಆದಾಯವೆಷ್ಟೇ ಇರಲಿ, ಪ್ರಾಧಿಕಾರದ ವಕೀಲರ ನೆರವು ಉಚಿತ. ಸಹಾಯವಾಣಿಯ ಸಂಖ್ಯೆ 15100.

ಆ ಹುಡುಗನ ತಂಗಿ ಕನ್ನಡ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದಳು. ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಆಕೆಯೇ ಪ್ರಾಧಿಕಾರಕ್ಕೆ ಅರ್ಜಿ ಬರೆದಳು: ಅಣ್ಣನ ಹೆಸರು, ಪ್ರಕರಣದ ಸಂಖ್ಯೆ, ಜಾಮೀನು ದೊರೆತ ತಾರೀಖು, ಅಲ್ಲಿಂದೀಚೆಗೆ ಕಳೆದ ದಿನಗಳು ಇಪ್ಪತ್ಮೂರು. ಪ್ರಾಧಿಕಾರದ ವಕೀಲರು ಅದನ್ನು ನ್ಯಾಯಾಲಯದ ಮುಂದಿಟ್ಟರು. ಇಂಡಿಯ ಪಹಣಿ ನಡೆಯಿತು.

ಅಂದು ರಾತ್ರಿ ಆ ಬರಾಕಿನಲ್ಲಿ ಇನ್ನೊಬ್ಬನಿಗೆ ಮಗ್ಗುಲು ಬದಲಿಸಲು ಸ್ಥಳ ದೊರೆಯಿತು.