ಸಾವಿರ ಅಡಿಯ ಅಂತರ

ಎದುರುಬದುರಾಗಿ ಬರುವ ವಿಮಾನಗಳ ನಡುವೆ ಮೇಲೆ ಕೆಳಗೆ ಸಾಮಾನ್ಯವಾಗಿ 1000 ಅಡಿಯಾದರೂ ಅಂತರವಿರಬೇಕು, ಮಕ್ಕಳೇ. ನೆಲದಲ್ಲಿ ಕುಳಿತ ನಿಯಂತ್ರಕರು ಎತ್ತರ ಹೇಳುತ್ತಾರೆ; ಪೈಲಟ್ ಅದನ್ನು ತಿರುಗಿ ಹೇಳಬೇಕು. ಬ್ಯಾಂಕಿನಲ್ಲಿ ನಾನು ಬರೆದ ಲೆಡ್ಜರನ್ನು ಇನ್ನೊಬ್ಬರು ತಾಳೆ ನೋಡಿ ಸಹಿ ಹಾಕುತ್ತಿದ್ದ ಹಾಗೆ.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಆ ಅಂತರ ಉಳಿಯಲಿಲ್ಲ. ಸೌದಿ ವಿಮಾನಕ್ಕೆ 14,000 ಅಡಿ, ಕಜಕಿಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಹೇಳಲಾಗಿತ್ತು. ಎರಡನೆಯದು ಅದಕ್ಕಿಂತ ಕೆಳಗಿಳಿದುಬಿಟ್ಟಿತು. 349 ಜನ ತೀರಿಕೊಂಡರು. ಆಮೇಲೆ, ಹತ್ತಿರ ಬಂದ ವಿಮಾನದ ಬಗ್ಗೆ ಪೈಲಟ್‌ಗೇ ಎಚ್ಚರಿಕೆ ಕೊಡುವ ಯಂತ್ರವನ್ನು ಭಾರತ ಕಡ್ಡಾಯ ಮಾಡಿತು.

‘ತಾತ, ಚಿಲ್ಲರೆಯನ್ನು ಎರಡೆರಡು ಸಲ ಯಾಕೆ ಎಣಿಸ್ತೀರಿ?’ ಎಂದು ಮೊಮ್ಮಗಳು ನಗುತ್ತಾಳೆ. ನಗಲಿ. ಎರಡನೇ ಸಲ ನೋಡುವವರು ಇರುವುದರಿಂದಲೇ ಅವಳು ಬೇಸಿಗೆ ರಜೆಗೆ ದೆಹಲಿಯಿಂದ ಕ್ಷೇಮವಾಗಿ ಬಂದಿಳಿಯುತ್ತಾಳೆ.